ಅಪ್ಪನ ಬಾಟಲಿಯ ನೀಲಿ ಹಾವು

ಪ್ರಶ್ನೆ: ನಮ್ಮ ತಂದೆ ಮೇಗರವಳ್ಳಿ ಕಡೆ ಪ್ರಾಥಮಿಕ ಶಾಲೆಯಲ್ಲಿ ಮೇಷ್ಟ್ರಾಗಿದ್ದರು. ಹೋದ ವರ್ಷ ತೀರಿಕೊಂಡರು. ಮನೆ ರಿಪೇರಿಗೆ ಅಂತ ಅಟ್ಟ ಖಾಲಿ ಮಾಡುವಾಗ ಗೋಣಿಚೀಲದಲ್ಲಿ ಸುತ್ತಿಟ್ಟ 23 ಗಾಜಿನ ಬಾಟಲಿಗಳು ಸಿಕ್ಕವು. ಹೆಚ್ಚಿನವು ಹಳೇ ಹಾರ್ಲಿಕ್ಸ್ ಬಾಟಲಿ. ಒಳಗೆ ಹಾವು, ಕಪ್ಪೆ, ಓತಿಕ್ಯಾತ. ಜೊತೆಗೆ ಒಂದು ನೋಟ್‌ಬುಕ್ ಇದೆ. 4 ಮತ್ತು 11ನೇ ನಂಬರಿನ ಬಾಟಲಿಗಳಲ್ಲಿ ನೀಲಿ ಬಣ್ಣದ ಹಾವಿದೆ. ಇಲ್ಲೇ ಹುಟ್ಟಿ ಬೆಳೆದ ನಾವು ಯಾರೂ ಅಂಥ ಹಾವು ನೋಡಿಲ್ಲ. ಅಮ್ಮನೂ ನೋಡಿಲ್ಲವಂತೆ. ಇವೆಲ್ಲ ಯಾವುವು? ಮನೆಯಲ್ಲಿ ಇಟ್ಟುಕೊಳ್ಳಬಹುದಾ? ತೋಟದಲ್ಲಿ ಹುಗಿದುಬಿಡಿ ಅಂತ ನೆಂಟರು ಹೇಳುತ್ತಿದ್ದಾರೆ. ಫೋಟೋಗಳನ್ನೂ ನೋಟ್‌ಬುಕ್ಕಿನ ಕೆಲವು ಪುಟಗಳನ್ನೂ ಕಳಿಸಿದ್ದೇನೆ.
(ಓದುಗರು, ತೀರ್ಥಹಳ್ಳಿ ತಾಲ್ಲೂಕು)

ಉತ್ತರ: ದಯವಿಟ್ಟು ಹುಗಿಯಬೇಡಿ. ನಿಮ್ಮ ಪತ್ರ ಬಂದ ರಾತ್ರಿ ನಾನು ಆ ಫೋಟೋಗಳನ್ನು ನೋಡುತ್ತಾ ಒಂದು ಗಂಟೆಯವರೆಗೂ ಕೂತಿದ್ದೆ. ಮೂವತ್ತು ವರ್ಷ ಪ್ರಾಣಿಶಾಸ್ತ್ರ ಪಾಠ ಮಾಡಿದವನು ನಾನು. ಒಬ್ಬ ಶಾಲೆ ಮೇಷ್ಟ್ರು ಒಬ್ಬರೇ, ಯಾರ ಸಹಾಯವೂ ಇಲ್ಲದೆ, ಇಷ್ಟು ಅಚ್ಚುಕಟ್ಟಾಗಿ ಮಾಡಿಟ್ಟ ಸಂಗ್ರಹವನ್ನು ಶಿವಮೊಗ್ಗ ಜಿಲ್ಲೆಯಲ್ಲಿ ಬೇರೆಲ್ಲೂ ನೋಡಿಲ್ಲ.

ಮೊದಲು ನೀಲಿ ಹಾವಿನ ವಿಷಯ. ಎರಡೂ ಬದುಕಿದ್ದಾಗ ಹಸಿರು ಬಣ್ಣದವು. ಇದನ್ನು ನಾನು ಹೇಳುವ ಮೊದಲೇ ನಿಮ್ಮ ತಂದೆ ಬರೆದಿಟ್ಟಿದ್ದಾರೆ. ನೀವು ಕಳಿಸಿದ ಎರಡನೇ ಪುಟ ನೋಡಿ: “ನಂ. 4. ಹಸಿರು ಹಾವು. ಶಾಲೆ ಬೇಲಿ, ದಾಸವಾಳ ಗಿಡ. 14-8-1979. ಸ್ವಾತಂತ್ರ್ಯ ದಿನಕ್ಕೆ ಬೇಲಿ ಸವರುವಾಗ ಮಕ್ಕಳು ಹೊಡೆದದ್ದು. ಜೀವ ಇದ್ದಾಗ ಎಳೆ ಬಾಳೆ ಎಲೆ ಬಣ್ಣ.” ಸ್ಪಿರಿಟ್ಟಿನಲ್ಲಿ ಹಾಕಿದರೆ ಬಣ್ಣ ನಿಲ್ಲುವುದಿಲ್ಲ ಅಂತ ಅವರಿಗೆ ಗೊತ್ತಿತ್ತು. ಅದಕ್ಕೇ ಬಣ್ಣವನ್ನು ಮಾತಿನಲ್ಲಿ ಹಿಡಿದಿಟ್ಟಿದ್ದಾರೆ.

ಹಸಿರು ಹೇಗೆ ನೀಲಿಯಾಯಿತು ಅಂತ ಕೇಳುತ್ತೀರಲ್ವಾ? ಈ ಹಾವುಗಳ ಚರ್ಮದಲ್ಲಿ ಹಸಿರು ಅನ್ನುವ ಬಣ್ಣದ ಪುಡಿ ಇರುವುದೇ ಇಲ್ಲ. ಚರ್ಮದ ಮೇಲಿನ ಪದರದಲ್ಲಿ ಹಳದಿ ಬಣ್ಣದ ಕೋಶಗಳಿರುತ್ತವೆ. ಅದರ ಕೆಳಗೆ ಸಣ್ಣ ಸಣ್ಣ ಹರಳು ತುಂಬಿದ ಕೋಶಗಳು. ಆ ಹರಳುಗಳು ಬೆಳಕನ್ನು ಚದುರಿಸಿ ನೀಲಿಯನ್ನು ಹೊರಗೆ ಕಳಿಸುತ್ತವೆ. ನೀಲಿ ಗಾಜಿನ ಮೇಲೆ ಹಳದಿ ಕಾಗದ ಇಟ್ಟು ನೋಡಿದಂತೆ ನಮ್ಮ ಕಣ್ಣಿಗೆ ಎರಡೂ ಸೇರಿ ಹಸಿರಾಗಿ ಕಾಣುತ್ತದೆ. ಸ್ಪಿರಿಟ್ ಹಳದಿಯನ್ನು ಕರಗಿಸಿಬಿಡುತ್ತದೆ. ಹರಳುಗಳನ್ನು ಕರಗಿಸುವುದಿಲ್ಲ. ಹಾಗಾಗಿ ನೀಲಿ ಮಾತ್ರ ಉಳಿಯುತ್ತದೆ. ಕಪ್ಪು ಬಣ್ಣವೂ ಸುಲಭಕ್ಕೆ ಹೋಗುವುದಿಲ್ಲ. ಇದು ಮುಂದೆ ನಮಗೆ ಉಪಯೋಗಕ್ಕೆ ಬರುತ್ತದೆ.

ಬಣ್ಣ ಒಂದೇ ಅಂತ ಎರಡೂ ಒಂದೇ ಜಾತಿ ಅಂದುಕೊಂಡಿದ್ದೀರಿ. ಅಲ್ಲ. 4ನೇ ಬಾಟಲಿಯ ಹಾವಿನ ಮೂತಿ ನೋಡಿ, ಪೆನ್ಸಿಲ್ ಕೆತ್ತಿದ ಹಾಗೆ ಮುಂದಕ್ಕೆ ಚೂಪಾಗಿದೆ. ಮೈ ಬಳ್ಳಿಯಷ್ಟು ಸಪೂರ. ತಲೆಯ ಮೇಲೆ ದೊಡ್ಡ ದೊಡ್ಡ ಹುರುಪೆಗಳು ಹಂಚು ಜೋಡಿಸಿದ ಹಾಗೆ ಕೂತಿವೆ. ಕಣ್ಣಿನ ಪಾಪೆ ಅಡ್ಡಕ್ಕೆ ಮಲಗಿದ ಸೀಳು. ಇದು ಹಸಿರು ಬಳ್ಳಿ ಹಾವು. 11ನೆಯದರ ತಲೆ ಅಗಲ, ಕತ್ತು ಸಣ್ಣ. ತಲೆ ಮೇಲೆ ದೊಡ್ಡ ಹುರುಪೆಗಳಿಲ್ಲ, ರಾಗಿ ಕಾಳು ಚೆಲ್ಲಿದ ಹಾಗೆ ಸಣ್ಣವು. ನೀವು ಪಕ್ಕದಿಂದ ತೆಗೆದ ಮೂರನೇ ಫೋಟೋದಲ್ಲಿ ಕಣ್ಣಿಗೂ ಮೂಗಿನ ಹೊಳ್ಳೆಗೂ ಮಧ್ಯೆ ಒಂದು ಗುಳಿ ಸ್ಪಷ್ಟವಾಗಿ ಕಾಣುತ್ತದೆ. ಇಲಿ, ಕಪ್ಪೆ ಹತ್ತಿರ ಬಂದರೆ ಕತ್ತಲೆಯಲ್ಲೂ ಶಾಖದ ವ್ಯತ್ಯಾಸ ತಿಳಿಯಲು ಇರುವ ಅಂಗ ಅದು. ಗುಳಿ ಮಂಡಲ ಅಂತ ಕರೆಯುವುದು ಅದಕ್ಕೇ. ವಿಷದ ಹಾವು.

ಗುಳಿ ಮಂಡಲಗಳಲ್ಲಿ ಯಾವುದು? ಇಲ್ಲಿ ಕಪ್ಪು ಬಣ್ಣ ಸಹಾಯಕ್ಕೆ ಬರುತ್ತದೆ. ಬೆನ್ನಿನ ಉದ್ದಕ್ಕೂ ಕಪ್ಪು ಮಚ್ಚೆಗಳು ಈಗಲೂ ಇವೆ. ನೋಟ್‌ಬುಕ್ಕಿನಲ್ಲೂ “ಆಗುಂಬೆ ಘಾಟಿ, 9ನೇ ತಿರುವು. ಲಾರಿ ಚಕ್ರ. 2-7-1983. ಹಸಿರು, ಬೆನ್ನ ಮೇಲೆ ಕಪ್ಪು ಮಚ್ಚೆ” ಅಂತಿದೆ. ಮಲಬಾರ್ ಗುಳಿ ಮಂಡಲ ಅಂತ ನಾನು ಹೇಳುತ್ತೇನೆ. ಇದೇ ಹಾವು ಹಸಿರು, ಕಂದು, ಹಳದಿ, ಹೀಗೆ ಹಲವು ಬಣ್ಣಗಳಲ್ಲಿ ಸಿಗುತ್ತದೆ. ಬಣ್ಣ ಒಂದನ್ನೇ ನಂಬಿ ಹೆಸರು ಹೇಳುವವರು ಇದರ ಮುಂದೆ ಸೋಲುತ್ತಾರೆ.

“9ನೇ ತಿರುವು” ಅನ್ನುವ ಆ ಎರಡು ಪದಗಳನ್ನು ನೋಡಿ ನನಗೆ ಎಷ್ಟು ಖುಷಿಯಾಯಿತು ಅಂತ ಹೇಗೆ ಹೇಳಲಿ! ಸುಮ್ನೆ “ಆಗುಂಬೆ” ಅಂತ ಬರೆಯಬಹುದಿತ್ತು. ಘಾಟಿಯಲ್ಲಿ 14 ತಿರುವುಗಳಿವೆ. ಮೇಲೆ ಆಗುಂಬೆ ಸಮುದ್ರ ಮಟ್ಟದಿಂದ ಸುಮಾರು 650 ಮೀಟರ್ ಎತ್ತರದಲ್ಲಿದೆ. ಕೆಳಗೆ ಸೋಮೇಶ್ವರಕ್ಕೆ ಇಳಿದರೆ ಕರಾವಳಿಯ ಸೆಕೆ. ಅಷ್ಟು ಹತ್ತಿರದಲ್ಲೇ ಕಾಡು ಬದಲಾಗುತ್ತದೆ, ಕಪ್ಪೆಗಳೂ ಬದಲಾಗುತ್ತವೆ. ತಿರುವಿನ ನಂಬರ್ ಬರೆದವರಿಗೆ ಇದು ಗೊತ್ತಿತ್ತು.

ಜಾಗದ ಹೆಸರು ಯಾಕೆ ಇಷ್ಟು ಮುಖ್ಯ ಅಂದರೆ, ಪ್ರಾಣಿಗಳ ಹೆಸರುಗಳು ನಿಂತಲ್ಲೇ ನಿಲ್ಲುವುದಿಲ್ಲ. ನಿಮ್ಮ ತಂದೆ 4ನೆಯದಕ್ಕೆ “ಡ್ರಯೋಫಿಸ್” ಅಂತ ಬರೆದಿದ್ದಾರೆ. ಅದು ಹಳೆಯ ಪುಸ್ತಕಗಳ ಹೆಸರು. ಆಮೇಲೆ ಅದು ಅಹೆಟುಲ್ಲಾ ನಸೂಟಾ ಆಯಿತು. ನಾನು ತರಗತಿಯಲ್ಲಿ ಹೇಳಿಕೊಟ್ಟದ್ದೂ ಅದನ್ನೇ. 2020ರಲ್ಲಿ ಸಂಶೋಧಕರು ಈ ಹಾವುಗಳನ್ನು ಮತ್ತೆ ಪರೀಕ್ಷಿಸಿ, ಒಂದೇ ಅಂದುಕೊಂಡಿದ್ದು ಒಂದಲ್ಲ ಅಂತ ತೋರಿಸಿದರು. ನಸೂಟಾ ಅನ್ನುವ ಹೆಸರು ಈಗ ಶ್ರೀಲಂಕಾದ ಹಾವಿಗೆ ಮಾತ್ರ. ಪಶ್ಚಿಮ ಘಟ್ಟದ ಉದ್ದಕ್ಕೂ ಬೇರೆ ಬೇರೆ ಪ್ರಭೇದಗಳಿವೆ. ಕಾಳಿಂಗ ಸರ್ಪದ ಕತೆಯೂ ಇದೇ. 2024ರಲ್ಲಿ ಅದನ್ನು ನಾಲ್ಕು ಪ್ರಭೇದಗಳಾಗಿ ವಿಂಗಡಿಸಿದರು. ನಮ್ಮ ಘಟ್ಟದ್ದಕ್ಕೆ ಓಫಿಯೋಫಾಗಸ್ ಕಾಳಿಂಗ ಅಂತ ಹೆಸರಿಟ್ಟರು. ನಮ್ಮ ಜನರ ಬಾಯಲ್ಲಿದ್ದ ಪದವೇ ಶಾಸ್ತ್ರದ ಹೆಸರಾಯಿತು. ಹೀಗೆ ಒಂದು ಹೆಸರು ನಾಲ್ಕಾಗಿ ಒಡೆದಾಗ, ಹಳೇ ಬಾಟಲಿಯಲ್ಲಿರುವುದು ಆ ನಾಲ್ಕರಲ್ಲಿ ಯಾವುದು ಅಂತ ಹುಡುಕಲು ಮೊದಲು ನೋಡುವುದೇ ಅದು ಎಲ್ಲಿ ಸಿಕ್ಕಿತು ಅನ್ನುವುದನ್ನು. ಹಾಗಾಗಿ “ಡ್ರಯೋಫಿಸ್” ಅನ್ನುವುದನ್ನು ಹೊಡೆದುಹಾಕಬೇಡಿ. ಪಕ್ಕದಲ್ಲಿ ಹೊಸ ಹೆಸರನ್ನೂ ಬರೆದವರ ಹೆಸರನ್ನೂ ದಿನಾಂಕವನ್ನೂ ಬರೆಯಿರಿ.

ನಾನು ಪಾಠ ಮಾಡುತ್ತಿದ್ದ ಕಾಲೇಜಿನಲ್ಲಿ ಒಂದು ಅನಾಹುತ ಆಯಿತು. ಪ್ರಯೋಗಾಲಯವನ್ನು ಹೊಸ ಕಟ್ಟಡಕ್ಕೆ ಸಾಗಿಸಿದಾಗ ಬಾಟಲಿಗಳೆಲ್ಲ ಹಳೇದಾಗಿ ಕಾಣುತ್ತಿವೆ ಅಂತ ಯಾರೋ ಸೋಪು ಹಾಕಿ ತೊಳೆಸಿದರು. ಹಳದಿಯಾಗಿದ್ದ ಚೀಟಿಗಳೆಲ್ಲ ಚರಂಡಿಗೆ ಹೋದವು. ನಾನು ಬೇಸಿಗೆ ರಜೆ ಮುಗಿಸಿ ಬಂದಾಗ ಎಲ್ಲಾ ಬಾಟಲಿಗಳ ಮೇಲೂ ಹೊಸ ಬಿಳಿ ಚೀಟಿ, ಮುದ್ದಾದ ಅಕ್ಷರದಲ್ಲಿ “ಹಾವು - 1, ಹಾವು - 2.” ಅವುಗಳಲ್ಲಿ ಕೆಲವನ್ನು ನನ್ನ ಗುರುಗಳು ಹೊಸನಗರ ತಾಲ್ಲೂಕಿನ ನಗರ ಅನ್ನುವ ಊರು ಮತ್ತು ಕೊಡಚಾದ್ರಿಯ ಕಡೆಯಿಂದ ತಂದಿದ್ದರು. ಯಾವುದು ಯಾವುದು ಅಂತ ಇವತ್ತಿಗೂ ಹೇಳಲಾಗುವುದಿಲ್ಲ. ಅದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಇನ್ನೂ ದೊಡ್ಡ ನಷ್ಟ ನಮ್ಮ ರಾಜ್ಯದಲ್ಲೇ ಆಗಿದೆ. ಸಿ. ಆರ್. ನಾರಾಯಣ ರಾವ್ ಅಂತ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಪ್ರಾಧ್ಯಾಪಕರಿದ್ದರು. 1932ರಲ್ಲಿ ಶುರುವಾದ ‘ಕರೆಂಟ್ ಸೈನ್ಸ್’ ಪತ್ರಿಕೆಯ ಮೊದಲ ಸಂಪಾದಕರು ಅವರೇ. 1937ರಲ್ಲಿ ಸಕಲೇಶಪುರದ ಕೆಂಪುಹೊಳೆಯ ಕಾಡಿನಿಂದ ತಂದ ಕಪ್ಪೆಗಳಿಗೆ ಹೊಸ ಹೆಸರು ಕೊಟ್ಟರು. ಆ ಹೆಸರುಗಳಿಗೆ ಆಧಾರವಾಗಿದ್ದ ಕಪ್ಪೆಗಳ ಮಾದರಿಗಳು ಆಮೇಲೆ ಕಳೆದುಹೋದವು. ಹೆಸರು ಉಳಿಯಿತು, ಕಪ್ಪೆ ಇಲ್ಲ. ನಂತರದವರು ಆ ಹೆಸರಿನ ಕಪ್ಪೆ ನಿಜಕ್ಕೂ ಯಾವುದು ಅಂತ ತಿಳಿಯಲು ಒದ್ದಾಡಬೇಕಾಯಿತು. ಮಲೆನಾಡಿನ ಪೊದೆಗಳಲ್ಲಿ ಮಳೆಗಾಲದ ರಾತ್ರಿ ಟಿಕ್ ಟಿಕ್ ಅನ್ನುವ ಸಣ್ಣ ಕಪ್ಪೆಗಳ ಕುಲಕ್ಕೆ 2010ರಲ್ಲಿ ಅವರ ನೆನಪಿಗೆ ರಾವೋರ್ಕೆಸ್ಟಿಸ್ ಅಂತ ಹೆಸರಿಟ್ಟಿದ್ದಾರೆ.

ಆ ಪೊದೆಗಪ್ಪೆಗಳು ನಿಮ್ಮ 17ನೇ ಬಾಟಲಿಯಲ್ಲೂ ಮೂರಿವೆ. ಬೆರಳ ತುದಿಯಲ್ಲಿ ಗುಂಡನೆಯ ಬಿಲ್ಲೆ ಕಾಣುತ್ತಿದೆ. ಮುಂಗಾಲಿನ ಬೆರಳುಗಳ ನಡುವೆ ಚರ್ಮ ಇಲ್ಲ. ಕುಲ ಅಷ್ಟು ಗೊತ್ತಾಯಿತು. ಪ್ರಭೇದ ಹೇಳಬೇಕೆಂದರೆ ಇವನ್ನು ಬದುಕಿದ್ದಾಗ ಕೂಗಿನಿಂದ ಗುರುತಿಸುವುದೇ ಸುಲಭ. ಬಾಟಲಿಯ ಕಪ್ಪೆ ಕೂಗುವುದಿಲ್ಲ. ಆದರೆ ನಿಮ್ಮ ತಂದೆ ಕೂಗನ್ನೂ ಬರೆದಿದ್ದಾರೆ! “ಕಾಫಿ ಗಿಡದ ಎಲೆ, ಸೊಂಟದೆತ್ತರ. ರಾತ್ರಿ 8. ಮೊದಲು ಟ್ರೀಂಕ್, ಆಮೇಲೆ ಟಿಕ್ ಟಿಕ್ ಟಿಕ್.” ಈ ಮಳೆಗಾಲದಲ್ಲಿ ಅದೇ ಕಾಫಿ ಗಿಡಗಳ ಹತ್ತಿರ ರಾತ್ರಿ ಎಂಟಕ್ಕೆ ಹೋಗಿ ಮೊಬೈಲಿನಲ್ಲಿ ಕೂಗನ್ನು ರೆಕಾರ್ಡ್ ಮಾಡಿ ಕಳಿಸುತ್ತೀರಾ? ಕಪ್ಪೆ ಹಿಡಿಯುವುದು ಬೇಡ, ಕೂಗು ಸಾಕು.

ಉಳಿದವನ್ನು ಬೇಗ ಹೇಳಿ ಮುಗಿಸುತ್ತೇನೆ. 6ನೆಯದು ಮಲಬಾರ್ ಹಾರುಗಪ್ಪೆ. ಬೂದು ಬಣ್ಣಕ್ಕೆ ತಿರುಗಿದೆ, ಕಾಲಿನ ಕೆಂಪು ಹೋಗಿದೆ. ಆದರೂ ಮುಂಗಾಲಿನ ಬೆರಳುಗಳ ನಡುವೆಯೂ ಪೂರ್ತಿ ಚರ್ಮ ಇರುವುದರಿಂದ ಅನುಮಾನವಿಲ್ಲ. 8ನೆಯದು ಅವರೇ ಬರೆದಂತೆ ಹಾರುವ ಓತಿ, ಅಡಿಕೆ ಮರದಿಂದ ಬಿದ್ದದ್ದು. ರೆಕ್ಕೆ ಮೈಗೆ ಅಂಟಿಕೊಂಡಿದೆ. ಅದನ್ನು ಎಳೆದು ಬಿಡಿಸಬೇಡಿ, ಉದ್ದವಾದ ಪಕ್ಕೆಲುಬುಗಳ ಮೇಲೆ ಹರಡುವ ತೆಳು ಚರ್ಮ ಅದು, ಹರಿಯುತ್ತದೆ. 2, 9, 13 ಹಾವುರಾಣಿ. 15 ನೀರೊಳ್ಳೆ ಮರಿ. 20ನೇ ಬಾಟಲಿಯ ಕಪ್ಪೆ ಕೊಳೆತು ಮೆತ್ತಗಾಗಿದೆ. ಕಾರಣವೂ ನೋಟ್‌ಬುಕ್ಕಿನಲ್ಲಿದೆ, “ಸ್ಪಿರಿಟ್ ಸಿಗಲಿಲ್ಲ, ಸಾರಾಯಿ ಹಾಕಿದೆ.” ನೂರಕ್ಕೆ ಎಪ್ಪತ್ತು ಭಾಗ ಆಲ್ಕೋಹಾಲ್ ಬೇಕು. ಸಾರಾಯಿಯಲ್ಲಿ ಅಷ್ಟಿರುತ್ತಿರಲಿಲ್ಲ. ಮಿಕ್ಕವುಗಳ ಫೋಟೋ ಮಸುಕಾಗಿವೆ. ಬಾಟಲಿ ಹೊರಗೆ ಬಿಳಿ ಕಾಗದ ಇಟ್ಟು ಬೆಳಗಿನ ಬೆಳಕಿನಲ್ಲಿ ಇನ್ನೊಮ್ಮೆ ತೆಗೆಯಿರಿ. ಪಕ್ಕದಲ್ಲಿ ಸ್ಕೇಲ್ ಇರಲಿ.

ಈಗ ಮನೆಯಲ್ಲಿಡುವ ಮಾತು. ಅಟ್ಟದ ಕೆಳಗೇ ಬಚ್ಚಲ ಒಲೆ ಇದ್ದರೆ ಇವತ್ತೇ ಬಾಟಲಿಗಳನ್ನು ಅಲ್ಲಿಂದ ಇಳಿಸಿ. ಸ್ಪಿರಿಟ್ಟಿಗೆ ಬೆಂಕಿ ಬೇಗ ಹಿಡಿಯುತ್ತದೆ. ಬಿಸಿಲು ಬೀಳದ, ಮಕ್ಕಳ ಕೈಗೆ ಸಿಗದ ಜಾಗದಲ್ಲಿಡಿ. ಮುಚ್ಚಳ ತೆಗೆದ ಕೂಡಲೇ ಕಣ್ಣು ಉರಿದರೆ ಒಳಗಿರುವುದು ಫಾರ್ಮಲಿನ್, ಸತ್ತ ಪ್ರಾಣಿ ಕೆಡದಂತೆ ಹಾಕಿಡುವ ಇನ್ನೊಂದು ದ್ರವ. ತಕ್ಷಣ ಮುಚ್ಚಿ. ಅದು ಆರೋಗ್ಯಕ್ಕೆ ತುಂಬಾ ಕೆಟ್ಟದ್ದು, ನೀವೇ ಬದಲಾಯಿಸಲು ಹೋಗಬೇಡಿ. ತೋಟಕ್ಕೂ ಬಾವಿ ಕಡೆಗೂ ಯಾವುದನ್ನೂ ಚೆಲ್ಲಬೇಡಿ. ಒಳಗಿರುವ ಚೀಟಿ ಎಷ್ಟೇ ಕೊಳಕಾಗಿದ್ದರೂ ತೆಗೆಯಬೇಡಿ. ನೋಟ್‌ಬುಕ್ಕಿನ ಎಲ್ಲಾ ಪುಟಗಳ ಫೋಟೋ ತೆಗೆದು ಎರಡು ಕಡೆ ಇಟ್ಟುಕೊಳ್ಳಿ. ಇದನ್ನು ಮಾತ್ರ ನಾಳೆಗೆ ಬಿಡಬೇಡಿ.

ಕಾನೂನಿನ ಮಾತೂ ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಿದೆ. ಸತ್ತ ಪ್ರಾಣಿಗೂ ಅದು ಅನ್ವಯಿಸುತ್ತದೆ. ನಿಮ್ಮ ವಲಯ ಅರಣ್ಯಾಧಿಕಾರಿಗೆ ಒಂದು ಪತ್ರ ಬರೆದು ಬಾಟಲಿಗಳ ಪಟ್ಟಿ ಕೊಡಿ. ತಂದೆಯ ಸಂಗ್ರಹ, ಮನೆಯಲ್ಲಿ ಸಿಕ್ಕಿದೆ, ಸಂಶೋಧನಾ ಸಂಸ್ಥೆಗೆ ಒಪ್ಪಿಸಲು ಇಷ್ಟ ಇದೆ ಅಂತ ಬರೆಯಿರಿ. ಅಧಿಕಾರಿಗಳ ಒಪ್ಪಿಗೆ ಇಲ್ಲದೆ ಯಾರಿಗೂ ಕೊಡಬೇಡಿ, ಹಣ ಕೊಡುತ್ತೇವೆ ಅಂತ ಬಂದವರನ್ನು ಮನೆಯೊಳಗೆ ಕರೆಯಲೇಬೇಡಿ. ಒಪ್ಪಿಗೆ ಸಿಕ್ಕ ಮೇಲೆ ಕಲ್ಲಿಕೋಟೆಯಲ್ಲಿರುವ ಭಾರತೀಯ ಪ್ರಾಣಿ ಸರ್ವೇಕ್ಷಣಾ ಸಂಸ್ಥೆಯ ಪಶ್ಚಿಮ ಘಟ್ಟ ಕೇಂದ್ರವನ್ನು ಕೇಳಬಹುದು. ಹತ್ತಿರದಲ್ಲಿ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯ ಇದೆ. ಬಾಟಲಿ ಮತ್ತು ನೋಟ್‌ಬುಕ್ ಒಟ್ಟಿಗೇ ಹೋಗಬೇಕು. ನೋಟ್‌ಬುಕ್ ಮನೆಯಲ್ಲಿರಲಿ ಅಂತ ಅಮ್ಮನಿಗೆ ಅನ್ನಿಸಿದರೆ ಅದು ನ್ಯಾಯವೇ. ಆಗ ಅದರ ನಕಲು ಹೋಗಲಿ.

ನಿಮ್ಮ ತಂದೆ ಒಂದನ್ನೂ ಕೊಂದಿಲ್ಲ ಅನ್ನುವುದನ್ನು ಗಮನಿಸಿದಿರಾ? ಪುಟಗಳನ್ನು ತಿರುವಿ ನೋಡಿ: ಮಕ್ಕಳು ಹೊಡೆದದ್ದು, ಲಾರಿ ಚಕ್ರ, ಮರದಿಂದ ಬಿದ್ದದ್ದು, ಬೆಕ್ಕು ತಂದದ್ದು, ಗದ್ದೆಯಲ್ಲಿ ಟಿಲ್ಲರ್. 17ನೇ ನಂಬರಿನ ಕಪ್ಪೆಗಳ ಮುಂದೆ ಕಾರಣ ಬರೆದಿಲ್ಲ. ಉಳಿದವೆಲ್ಲ ಹೀಗೇ ಸಿಕ್ಕವು.

ಪ್ರಶ್ನೆ: ಮೊನ್ನೆ ರಾತ್ರಿ ಗೋಡೆ ಹತ್ತುತ್ತಿದ್ದ ಹಾವೊಂದನ್ನು ಮನೆಯವರು ಹೊಡೆದರು. ಕಪ್ಪು ಕಂದು ಮೈ, ಬಿಳಿ ಪಟ್ಟೆ. ಕಟ್ಟುಹಾವು ಅಂತ ಒಬ್ಬರು, ತೋಳದ ಹಾವು ಅಂತ ಇನ್ನೊಬ್ಬರು. ಫೋಟೋ ಕಳಿಸಿದ್ದೇನೆ. ಹಾವಿನ್ನೂ ಬಕೆಟ್ಟಿನಲ್ಲಿದೆ.
(ಓದುಗರು, ಹೊಸನಗರ)

ಉತ್ತರ: ತಲೆ ಜಜ್ಜಿಹೋಗಿದೆ, ಫೋಟೋ ಪಕ್ಕದಿಂದ ಮಾತ್ರ ಇದೆ. ಆದರೂ ಪಟ್ಟೆಗಳು ಕತ್ತಿನ ಕಡೆ ದಟ್ಟವಾಗಿದ್ದು ಬಾಲದ ಕಡೆ ಮಾಸುತ್ತಾ ಹೋಗಿರುವುದರಿಂದ ತೋಳದ ಹಾವು ಅನ್ನುವ ಕಡೆಗೇ ನನ್ನ ಮನಸ್ಸು ವಾಲುತ್ತದೆ. ವಿಷದ ಹಾವಾದ ಕಟ್ಟುಹಾವಿನಲ್ಲಿ ಇದು ತಿರುಗುಮುರುಗು, ಮುಂದೆ ಮಸುಕು, ಹಿಂದೆ ಸ್ಪಷ್ಟ. ಗೋಡೆ ಹತ್ತುವುದೂ ತೋಳದ ಹಾವಿನ ಅಭ್ಯಾಸ. ಖಚಿತವಾಗಬೇಕೆಂದರೆ ಉದ್ದ ಕೋಲಿನಿಂದ ಹಾವನ್ನು ಮಗುಚಿ ಬಾಲದ ಅಡಿಭಾಗದ ಫೋಟೋ ತೆಗೆಯಿರಿ. ಅಲ್ಲಿನ ಹುರುಪೆಗಳು ಒಂದೊಂದಾಗಿ ಒಂದೇ ಸಾಲಿನಲ್ಲಿದ್ದರೆ ಕಟ್ಟುಹಾವು. ಜೋಡಿ ಜೋಡಿಯಾಗಿದ್ದರೆ ತೋಳದ ಹಾವು. ಬೆನ್ನಿನ ನಟ್ಟನಡುವಿನ ಸಾಲನ್ನೂ ನೋಡಿ. ಕಟ್ಟುಹಾವಿನಲ್ಲಿ ಅವು ಅಕ್ಕಪಕ್ಕದವುಗಳಿಗಿಂತ ದೊಡ್ಡವು, ಆರು ಮೂಲೆಯವು.

ಕೈಯಿಂದ ಮುಟ್ಟಬೇಡಿ. ಸತ್ತ ಹಾವಿನ ತಲೆ ಸ್ವಲ್ಪ ಹೊತ್ತು ಕಚ್ಚಬಲ್ಲದು. ಕಟ್ಟುಹಾವು ಕಚ್ಚಿದರೆ ನೋವು, ಊತ ಜಾಸ್ತಿ ಇರುವುದಿಲ್ಲ. ನಿದ್ದೆಯಲ್ಲಿ ಕಚ್ಚಿಸಿಕೊಂಡವರಿಗೆ ಎಷ್ಟೋ ಸಲ ಗೊತ್ತೇ ಆಗುವುದಿಲ್ಲ. ಅನುಮಾನ ಬಂದರೆ ಹಾವು ಯಾವುದು ಅಂತ ಚರ್ಚೆ ಮಾಡುತ್ತಾ ಕೂರದೆ ಆಸ್ಪತ್ರೆಗೆ ಹೊರಡಿ. ಮುಂದಿನ ಸಲ ಹೊಡೆಯುವ ಮೊದಲು ದೂರದಿಂದ ಒಂದು ಫೋಟೋ ತೆಗೆದು ಹಾವು ಹಿಡಿಯಲು ಬಲ್ಲವರನ್ನು ಕರೆಯಿರಿ. ತೋಳದ ಹಾವಿಗೆ ವಿಷವಿಲ್ಲ, ಅದು ಬಂದಿದ್ದು ಗೋಡೆಯ ಹಲ್ಲಿಗಾಗಿ.

ಪ್ರಶ್ನೆ: ಸರ್, ನಾನು ಒಂಬತ್ತನೇ ಕ್ಲಾಸು. ಅಡಿಕೆ ತೋಟದಲ್ಲಿ ಕಪ್ಪು (ನೀರು ಬಸಿಯುವ ಕಾಲುವೆ) ತೆಗೆಯುವಾಗ ಎರೆಹುಳದ ತರಹದ್ದು ಸಿಕ್ಕಿತು. ಒಂದು ಅಡಿ ಉದ್ದ, ನೇರಳೆ ಕಪ್ಪು, ಎರಡೂ ಪಕ್ಕ ಹಳದಿ ಗೆರೆ. ಅಜ್ಜ ಎರಡು ತಲೆ ಹಾವು ಅಂದರು. ಡಬ್ಬಿಯಲ್ಲಿ ಒದ್ದೆ ಮಣ್ಣು ಹಾಕಿ ಇಟ್ಟಿದ್ದೇನೆ. ಅಪ್ಪ ಫಾರ್ಮಲಿನ್ ತಂದುಕೊಡುತ್ತೇನೆ ಅಂದಿದ್ದಾರೆ. ಇದು ಏನು?
(ವಿದ್ಯಾರ್ಥಿನಿ, ಸಾಗರ ತಾಲ್ಲೂಕು)

ಉತ್ತರ: ಮಗೂ, ಮೊದಲು ಅಪ್ಪನಿಗೆ ಫಾರ್ಮಲಿನ್ ಬೇಡ ಅಂತ ಹೇಳು. ನಿನ್ನ ಡಬ್ಬಿಯಲ್ಲಿರುವುದು ಹಾವೂ ಅಲ್ಲ, ಹುಳವೂ ಅಲ್ಲ. ಕಪ್ಪೆಯ ನೆಂಟ! ಸಿಸಿಲಿಯನ್ ಅನ್ನುತ್ತಾರೆ. ಕಾಲಿಲ್ಲದ ಉಭಯಚರ. ಹಳದಿ ಗೆರೆ ಇರುವುದರಿಂದ ಇಕ್ತಿಯೋಫಿಸ್ ಕುಲದ್ದು.

ನೀನು ಕಳಿಸಿದ ಫೋಟೋವನ್ನು ದೊಡ್ಡದು ಮಾಡಿ ನೋಡು. ಮೈ ಮೇಲೆ ಬಳೆ ಜೋಡಿಸಿದ ಹಾಗೆ ಉಂಗುರಗಳಿವೆ. ಚರ್ಮ ಕಪ್ಪೆಯದರಂತೆ ಒದ್ದೆ, ಲೋಳೆ. ಹಾವಾಗಿದ್ದರೆ ಮಿನುಗುವ ಹುರುಪೆ ಕಾಣಬೇಕಿತ್ತು. ಎರೆಹುಳವಾಗಿದ್ದರೆ ಕಣ್ಣು, ದವಡೆ, ಹಲ್ಲು ಇರುತ್ತಿರಲಿಲ್ಲ. ಇದಕ್ಕೆ ಮೂರೂ ಇವೆ. ಕಣ್ಣಿಗೂ ಮೂಗಿಗೂ ನಡುವೆ ಒಂದು ಪುಟ್ಟ ಮೀಸೆಯಂಥದ್ದು ಹೊರಗೆ ಬಂದು ಒಳಗೆ ಹೋಗುತ್ತದೆ. ಮಣ್ಣಿನೊಳಗೆ ವಾಸನೆ ಹಿಡಿಯಲು ಅದು. ಭೂಮಿಯ ಮೇಲೆ ಈ ಅಂಗ ಇರುವುದು ಸಿಸಿಲಿಯನ್‌ಗಳಿಗೆ ಮಾತ್ರ.

ಅಜ್ಜ ಹೇಳುವ ಎರಡು ತಲೆ ಹಾವು ಬೇರೆ, ಅದರ ಬಾಲ ಮೊಂಡು. ಅಜ್ಜನಿಗೆ ಇದನ್ನು ತೋರಿಸು, ಅವರು ಖಂಡಿತ ಖುಷಿಪಡುತ್ತಾರೆ. ಇದರ ತಾಯಿ ನೀರಿನ ಹತ್ತಿರದ ಮಣ್ಣಿನಲ್ಲಿ ಮೊಟ್ಟೆಯಿಟ್ಟು ಸುತ್ತಿಕೊಂಡು ಕಾಯುತ್ತದೆ. ಮರಿಗಳು ನೀರಿಗೆ ಇಳಿದು ಬೆಳೆಯುತ್ತವೆ. ನಿಮ್ಮ ತೋಟದ ಉದಕದಲ್ಲಿ ಇದರ ಮರಿಗಳು ಇರಬಹುದು.

ಇವತ್ತು ಸಂಜೆ ಬೆಳಕು ಕಮ್ಮಿಯಾದ ಮೇಲೆ, ಸಿಕ್ಕಿದ ಜಾಗದಲ್ಲೇ, ಅದೇ ಮರದ ಬುಡದಲ್ಲಿ ಬಿಟ್ಟುಬಿಡು. ಉಪ್ಪು, ಗೊಬ್ಬರ ಮುಟ್ಟಿದ ಕೈಯಿಂದ ಹಿಡಿಯಬೇಡ, ಅದರ ಚರ್ಮ ಎಲ್ಲವನ್ನೂ ಹೀರುತ್ತದೆ. ಬಿಡುವ ಮೊದಲು ಅಳತೆ, ತಲೆಯ ಫೋಟೋ, ಬಾಲದ ಫೋಟೋ ತೆಗೆದುಕೋ. ಆಮೇಲೆ ಒಂದು ನೋಟ್‌ಬುಕ್ಕಿನಲ್ಲಿ ನಂಬರ್ 1 ಅಂತ ಹಾಕಿ ಊರು, ತೋಟ, ಎಷ್ಟು ಆಳದಲ್ಲಿ ಸಿಕ್ಕಿತು, ದಿನಾಂಕ, ಮಳೆ ಬಂದಿತ್ತಾ ಇಲ್ಲವಾ, ಅಜ್ಜ ಏನಂತ ಕರೆದರು, ಎಲ್ಲಾ ಬರೆ. ಪೆನ್ಸಿಲಿನಲ್ಲಿ ಬರೆ, ನೀರು ಬಿದ್ದರೂ ಅಳಿಸುವುದಿಲ್ಲ.